ಕಲ್ಲು ಮಾತ್ರ ಯಾರೂ ಮರೆತಿರ್ಲಿಲ್ಲ

ಮೊದಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಕಥೆ ಹೇಗೆ ಮುಗಿಯತ್ತೆ ಅನ್ನೋದೂ ಬರತ್ತೆ. ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ ಬರೆದ 'ದಿ ಲಾಟರಿ' ಇನ್ನೂ ಓದಿಲ್ಲ ಅಂದ್ರೆ ದಯವಿಟ್ಟು ಮೊದಲು ಅದನ್ನ ಓದ್ಕೊಂಡು ಬನ್ನಿ, ಸಣ್ಣ ಕಥೆ, ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯಲ್ಲ.

ನಾನಿದನ್ನ ಎಷ್ಟು ಸಲ ಓದಿದೀನೋ ಲೆಕ್ಕ ಇಟ್ಟಿಲ್ಲ. ಮೊದಲ ಸಲ ಓದಿದಾಗ ಕೊನೇ ಪ್ಯಾರಾ ಒಂದೇ ತಲೇಲಿ ಉಳೀತು, ಬೇರೆಯೆಲ್ಲ ಮರೆತೇ ಹೋಯ್ತು. ಆಮೇಲೆ ತಿರುಗಿ ತಿರುಗಿ ಓದ್ತಾ ಹೋದಾಗ ನಿಜವಾದ ಭಯ ಇರೋದು ನಡುವಲ್ಲಿ, ಆ ಹೆಸರು ಕೂಗೋದು, ಚೀಟಿ ಎತ್ತೋದು, ಪಟ್ಟಿ ಸರಿ ಇದ್ಯಾ ಅಂತ ನೋಡೋದು ಇದ್ಯಲ್ಲ ಅಲ್ಲಿ ಅನ್ನಿಸೋಕೆ ಶುರುವಾಯ್ತು. ತುಂಬ ಜನ ಇದನ್ನ ಹಾರರ್ ಕಥೆ ಅಂತ ಓದಿ 'ಕೊನೇಲಿ ಟ್ವಿಸ್ಟ್ ಸೂಪರ್' ಅಂತ ಹೇಳಿ ಬಿಟ್ಬಿಡ್ತಾರೆ. ಆದ್ರೆ ಇದು ಒಂದು ಕ್ರೂರ ಆಚರಣೆ ವರ್ಷ ವರ್ಷ ನಿಲ್ಲದೆ ಹೇಗೆ ನಡ್ಕೊಂಡು ಹೋಗತ್ತೆ ಅಂತ ಒಂದೊಂದೇ ಹಲ್ಲುಚಕ್ರ ಬಿಚ್ಚಿ ತೋರಿಸೋ ಕಥೆ, ಅದನ್ನೇ ಇಲ್ಲಿ ಬಿಡಿಸಿ ಹೇಳೋಕೆ ನೋಡ್ತೀನಿ.

ಕಥೆ ಇಷ್ಟು. ಜೂನ್ 27, ಬೆಳಗ್ಗೆ ಹತ್ತು ಗಂಟೆ, ಒಳ್ಳೆ ಬಿಸಿಲು, ಹೂವು ಅರಳಿದೆ, ಹುಲ್ಲು ಹಸಿರಾಗಿದೆ. ಸುಮಾರು 300 ಜನ ಇರೋ ಒಂದು ಸಣ್ಣ ಹಳ್ಳಿ, ಪೋಸ್ಟ್ ಆಫೀಸಿಗೂ ಬ್ಯಾಂಕಿಗೂ ನಡುವಿನ ಬಯಲಲ್ಲಿ ಜನ ಸೇರ್ತಾ ಇದಾರೆ. ಸ್ಕೂಲಿಗೆ ಈಗಷ್ಟೇ ಬೇಸಿಗೆ ರಜೆ ಬಿಟ್ಟಿದೆ, ಹುಡುಗರು ಬಂದು ನುಣ್ಣಗಿನ ದುಂಡು ಕಲ್ಲು ಹುಡುಕಿ ಒಂದು ಮೂಲೇಲಿ ಗುಡ್ಡೆ ಹಾಕ್ತಾರೆ, ಬಾಬಿ ಮಾರ್ಟಿನ್ ಅನ್ನೋ ಹುಡುಗ ಜೇಬು ತುಂಬ ತುಂಬಿಸ್ಕೊಂಡಿದಾನೆ, ಮೊದಲ ಸಲ ಓದೋವಾಗ ಮಕ್ಕಳಾಟ ಅಂತ ನಾವು ಮುಂದಕ್ಕೆ ಹೋಗ್ಬಿಡ್ತೀವಿ. ಗಂಡಸರು ಮಳೆ, ಬಿತ್ತನೆ, ಟ್ರ್ಯಾಕ್ಟರು, ಟ್ಯಾಕ್ಸು ಅಂತ ಮಾತಾಡ್ತಾ ಇದಾರೆ. ಕಲ್ಲಿದ್ದಲು ವ್ಯಾಪಾರದ ಮಿಸ್ಟರ್ ಸಮ್ಮರ್ಸ್ ಒಂದು ಹಳೇ ಕಪ್ಪು ಪೆಟ್ಟಿಗೆ ತರ್ತಾರೆ, ಊರಿನ ಡ್ಯಾನ್ಸು, ಹುಡುಗರ ಕ್ಲಬ್ಬು, ಹ್ಯಾಲೋವೀನ್ ಕಾರ್ಯಕ್ರಮ ಎಲ್ಲ ನಡೆಸೋರೂ ಅವರೇ. ಮನೆಗೊಬ್ಬ ಯಜಮಾನ ಬಂದು ಚೀಟಿ ಎತ್ತಬೇಕು. ಹಚಿನ್ಸನ್ ಮನೆಗೆ ಕಪ್ಪು ಚುಕ್ಕೆ ಇರೋ ಚೀಟಿ ಬರತ್ತೆ. ಆಮೇಲೆ ಆ ಮನೆಯ ಐದು ಜನಕ್ಕೆ ಮತ್ತೆ ಐದು ಚೀಟಿ, ಈ ಸಲ ಚುಕ್ಕೆ ಬರೋದು ಮನೆಯೊಡತಿ ಟೆಸ್ಸಿಗೆ, ಪಾತ್ರೆ ತೊಳೀತಾ ಇವತ್ತು ಯಾವ ದಿನ ಅನ್ನೋದೇ ಮರೆತು ಲೇಟಾಗಿ ಓಡೋಡಿ ಬಂದಿದ್ದ ಟೆಸ್ಸಿಗೆ. ಊರವರೆಲ್ಲ ಸೇರಿ ಅವಳನ್ನ ಕಲ್ಲಲ್ಲಿ ಹೊಡೀತಾರೆ. ಎರಡು ಗಂಟೆಯೊಳಗೆ ಕೆಲಸ ಮುಗಿಯತ್ತೆ, ಮಧ್ಯಾಹ್ನದ ಊಟಕ್ಕೆ ಎಲ್ರೂ ಮನೇಲಿರ್ತಾರೆ.

ಇದು 1948ರ ಜೂನ್ 26ರ 'ನ್ಯೂಯಾರ್ಕರ್' ಪತ್ರಿಕೇಲಿ ಬಂತು, ಅಂದ್ರೆ ಕಥೆಯ ದಿನಕ್ಕೆ ಸರಿಯಾಗಿ ಒಂದು ದಿನ ಮುಂಚೆ. ಜಾಕ್ಸನ್ ಆಗ ಅಮೆರಿಕದ ವರ್ಮಾಂಟ್ ರಾಜ್ಯದ ನಾರ್ತ್ ಬೆನ್ನಿಂಗ್ಟನ್ ಅನ್ನೋ ಸಣ್ಣ ಊರಲ್ಲಿದ್ರು, ಗಂಡ ಸ್ಟ್ಯಾನ್ಲಿ ಹೈಮನ್ ವಿಮರ್ಶಕರು, ಮನೇಲಿ ಪುಟ್ಟ ಮಕ್ಕಳು. ಮಗಳನ್ನ ಸ್ಟ್ರಾಲರಲ್ಲಿ ಕೂರಿಸ್ಕೊಂಡು ದಿನಸಿ ತಗೊಂಡು ದಿಣ್ಣೆ ಹತ್ತಿ ಮನೆಗೆ ಬರೋವಾಗ ಕಥೆ ಹೊಳೀತು ಅಂತ ಆಮೇಲೆ ಒಂದು ಉಪನ್ಯಾಸದಲ್ಲಿ ಹೇಳಿದಾರೆ. ಆ ಬೇಸಿಗೇಲಿ ಅವರಿಗೆ ಮುನ್ನೂರಕ್ಕೂ ಜಾಸ್ತಿ ಕಾಗದ ಬಂದ್ವಂತೆ, ಅದ್ರಲ್ಲಿ ಪ್ರೀತಿಯಿಂದ ಬರೆದಿದ್ದು ಬರೀ 13, ಅವೂ ಹೆಚ್ಚಾಗಿ ಸ್ನೇಹಿತರದ್ದು. ಸ್ವಂತ ತಾಯೀನೇ ನನಗೂ ನಿಮ್ಮಪ್ಪನಿಗೂ ನಿನ್ನ ಕಥೆ ಹಿಡಿಸ್ಲಿಲ್ಲ ಅಂತ ಬರೆದ್ರು. ಬೈದೋರು, ಅರ್ಥ ಆಗಲಿಲ್ಲ ಅಂದೋರು, ಪತ್ರಿಕೆ ಬೇಡ ಅಂದೋರು ಇದ್ರು ಅನ್ನೋದೇನೋ ಸರಿ, ಆದ್ರೆ ನನಗೆ ಇವತ್ತಿಗೂ ಮೈ ಜುಂ ಅನ್ನಿಸೋದು ಇನ್ನೊಂದು ಥರದ ಕಾಗದ. ಈ ಲಾಟರಿ ಎಲ್ಲಿ ನಡೆಯತ್ತೆ, ನಾವು ಹೋಗಿ ನೋಡಬಹುದಾ ಅಂತ ಕೇಳಿದೋರು ಇದ್ರು. ಎರಡನೇ ಮಹಾಯುದ್ಧ ಮುಗಿದು ಮೂರೇ ವರ್ಷ ಆಗಿತ್ತು ಅನ್ನೋದನ್ನ ಇದ್ರ ಪಕ್ಕದಲ್ಲಿಟ್ಟು ನೋಡಿ.

ದಕ್ಷಿಣ ಆಫ್ರಿಕಾದಲ್ಲಿ ಈ ಕಥೇನ ನಿಷೇಧ ಮಾಡಿದ್ರು, ಅದ್ರ ಬಗ್ಗೆ ಜಾಕ್ಸನ್‌ಗೆ ಹೆಮ್ಮೆ ಇತ್ತು, ಅವರಿಗಾದ್ರೂ ಕಥೆ ಅರ್ಥ ಆಯ್ತಲ್ಲ ಅನ್ನೋ ಭಾವನೆ ಇತ್ತು ಅಂತ ಗಂಡ ಬರೆದಿದಾರೆ.

ಈಗ ಎಲ್ರೂ ಕೇಳೋ ಪ್ರಶ್ನೆ: ಆ ಊರವರು ಇದನ್ನ ಯಾಕೆ ಮಾಡ್ತಾರೆ? ಕಥೇಲಿ ಇದಕ್ಕೆ ಉತ್ತರ ಅಂತ ಸಿಗೋದು ಒಂದು ಅರೆಬರೆ ಗಾದೆ ಮಾತ್ರ. ಊರಿನ ಹಿರಿಯ ಮುದುಕ ವಾರ್ನರ್, 77ನೇ ಸಲ ಲಾಟರಿಗೆ ಬಂದಿರೋರು, ಜೂನಲ್ಲಿ ಲಾಟರಿ ಆದ್ರೆ ಜೋಳದ ತೆನೆ ಬೇಗ ತೂಗತ್ತೆ ಅನ್ನೋ ಅರ್ಥದ ಒಂದು ಹಳೇ ಮಾತು ಹೇಳ್ತಾರೆ. ಅಂದ್ರೆ ಯಾವತ್ತೋ ಇದು ಬೆಳೆಗೋಸ್ಕರ ಕೊಡ್ತಿದ್ದ ಬಲಿ. ಇಂಥವು ಚರಿತ್ರೇಲಿ ಸಾಕಷ್ಟಿವೆ. ಹಳೇ ಅಥೆನ್ಸಲ್ಲಿ ಥಾರ್ಗೇಲಿಯಾ ಅಂತ ಬೇಸಿಗೆ ಶುರುವಲ್ಲಿ ಹೊಸ ಫಸಲಿನ ಹಬ್ಬ ಆಗೋದು, ಆಗ ಊರಿನ ಕೊಳೆಯೆಲ್ಲ ಹೊತ್ಕೊಂಡು ಹೋಗಲಿ ಅಂತ ಕೆಲವರನ್ನ, ಅದೂ ಕೇಳೋರಿಲ್ಲದ ಬಡವರನ್ನ, ಕೊರಳಿಗೆ ಅಂಜೂರದ ಸರ ಹಾಕಿ ಊರಿಂದ ಓಡಿಸ್ತಿದ್ರು. ಬೈಬಲ್ಲಿನ ಹಳೇ ಒಡಂಬಡಿಕೇಲಿ ಎರಡು ಹೋತ ತಂದು ಚೀಟಿ ಹಾಕ್ತಾರೆ, ಒಂದು ದೇವರಿಗೆ ಬಲಿ, ಇನ್ನೊಂದ್ರ ತಲೆ ಮೇಲೆ ಎಲ್ಲರ ಪಾಪ ಹೊರಿಸಿ ಕಾಡಿಗೆ ಅಟ್ಟೋದು. ಸ್ಕೇಪ್‌ಗೋಟ್ ಅನ್ನೋ ಮಾತು ಅಲ್ಲಿಂದಲೇ ಬಂದಿದ್ದು, ಚೀಟಿ ಅಲ್ಲೂ ಇದೆ ನೋಡಿ.

ನಮಗೆ ಕನ್ನಡದವರಿಗೆ ತಕ್ಷಣ ನೆನಪಾಗೋದು ಕೆರೆಗೆ ಹಾರವಾದ ಭಾಗೀರಥಿ. ಅಲ್ಲೂ ಬಲಿಯಾಗೋದು ಮನೇ ಹೆಣ್ಣುಮಗಳೇ. ಆದ್ರೆ ಅಲ್ಲಿ ಕೆರೆ ತೋಡಿದ್ರು, ನೀರು ಬರಲಿಲ್ಲ, ಹೊತ್ತಿಗೆ ನೋಡಿಸಿದ್ರು, ಕಿರಿ ಸೊಸೇನ ಕೊಡಿ ಅಂದ್ರು, ಹೀಗೆ ತಪ್ಪೋ ಸರಿಯೋ ಒಂದು ಕಾರಣ ಅಂತ ಇದೆ, ಅದನ್ನ ಕೇಳಿ ನಮಗೆ ಸಿಟ್ಟು ಬರಬಹುದು, ಅದು ಸುಳ್ಳು ಅಂತ ಜಗಳ ಆಡಬಹುದು. ಜಾಕ್ಸನ್ ಊರಲ್ಲಿ ಜಗಳ ಆಡೋಕೂ ಕಾರಣ ಉಳಿದಿಲ್ಲ. ಬೆಳೆ ಬರತ್ತೆ ಅಂತ ಅಲ್ಲಿ ಯಾರೂ ನಿಜವಾಗಿ ನಂಬಿರೋ ಹಾಗೆ ಕಾಣಲ್ಲ, ವಾರ್ನರ್ ಬಿಟ್ರೆ ಇನ್ಯಾರೂ ಆ ಮಾತೇ ಎತ್ತಲ್ಲ. ವಾರ್ನರ್ ಕೊಡೋ ಕೊನೇ ಉತ್ತರಾನೂ ಲಾಟರಿ ಯಾವಾಗಲೂ ಇತ್ತು ಅನ್ನೋದಷ್ಟೇ.

ಕಾರಣ ಸತ್ತುಹೋದ್ಮೇಲೂ ಆಚರಣೆ ಹೇಗೆ ಬದುಕಿರತ್ತೆ? ಇಲ್ಲಿಂದ ಮುಂದೆ ನಿಧಾನವಾಗಿ ನೋಡ್ಬೇಕು.

ಚೀಟಿ ಎತ್ತೋಕೆ ಮುಂಚೆ ಒಂದು ಸಣ್ಣ ಸೀನ್ ಬರತ್ತೆ. ಡನ್ಬಾರ್ ಅನ್ನೋರಿಗೆ ಕಾಲು ಮುರಿದಿದೆ, ಬಂದಿಲ್ಲ, ಅವರ ಪರವಾಗಿ ಯಾರು ಎತ್ತೋದು ಅಂತ ಸಮ್ಮರ್ಸ್ ಕೇಳ್ತಾರೆ. ನಾನೇ ಅಂತಾಳೆ ಹೆಂಡತಿ. ನಿನಗೆ ದೊಡ್ಡ ಮಗ ಇಲ್ವಾ ಅಂತ ಸಮ್ಮರ್ಸ್ ಮತ್ತೆ ಕೇಳ್ತಾರೆ. ಇಡೀ ಊರಿಗೆ ಗೊತ್ತು ಅವಳ ಮಗನಿಗೆ ಇನ್ನೂ ಹದಿನಾರು ಅಂತ, ಸಮ್ಮರ್ಸಿಗೂ ಗೊತ್ತು, ಆದ್ರೂ ರೂಲ್ ಪ್ರಕಾರ ಕೇಳಲೇಬೇಕು, ಅವಳು ಉತ್ತರ ಹೇಳೋ ತನಕ ವಿನಯವಾಗಿ ಕಾಯ್ತಾರೆ. ಎಷ್ಟು ಸಭ್ಯ, ಎಷ್ಟು ಅಚ್ಚುಕಟ್ಟು ಅಲ್ವಾ, ಇಷ್ಟು ಅಚ್ಚುಕಟ್ಟಾಗಿ ನಡೀತಾ ಇರೋ ಕೆಲಸ ಕೊಲೆ ಅಂತ ಅನ್ನಿಸೋದೇ ಇಲ್ಲ. ಆ ಊರಲ್ಲಿ ಪ್ರಶ್ನೆ ಕೇಳೋದು ನಿಂತಿಲ್ಲ, ಬೇಕಾದಷ್ಟು ಕೇಳ್ತಾರೆ: ಎಲ್ರೂ ಬಂದ್ರಾ, ಯಾರ ಪರವಾಗಿ ಯಾರು ಎತ್ತೋದು, ಮನೇಲಿ ಎಷ್ಟು ಜನ, ಚೀಟಿ ಪೆಟ್ಟಿಗೆಗೆ ವಾಪಸ್ ಹಾಕಿದ್ರಾ. ಸರಿಯಾಗಿ ನಡೀತಾ ಅಂತ ಎಲ್ರೂ ಕೇಳ್ತಾರೆ, ನಡೀಬೇಕಾ ಅಂತ ಮಾತ್ರ ಒಬ್ರೂ ಕೇಳಲ್ಲ.

ನನಗೆ ಈ ಕಥೆ ಅಂದ್ರೆ ಮುಖ್ಯವಾಗಿ ಇದೇ. ಕ್ರೂರ ಪದ್ಧತಿ ನಡೆಸೋರು ಯೋಚನೆ ಮಾಡದ ಮಂದಿ ಅಂತ ನಾವು ಅಂದ್ಕೋತೀವಿ, ಆದ್ರೆ ಅವರು ತುಂಬ ಯೋಚನೆ ಮಾಡ್ತಾರೆ, ಅದೆಲ್ಲ ವಿಧಾನದ ಬಗ್ಗೆ.

ಟೆಸ್ಸಿ ಕೂಡ ಹಾಗೇ, ಓದುಗರು ಹೆಚ್ಚಾಗಿ ಗಮನಿಸದೆ ಬಿಡೋದು ಇದನ್ನೇ. ಗಂಡನಿಗೆ ಚುಕ್ಕೆ ಬಂದಾಗ ಅವಳು ಕೂಗೋದು, ಅವನಿಗೆ ಬೇಕಾದ ಚೀಟಿ ಆರಿಸ್ಕೊಳ್ಳೋಕೆ ನೀವು ಟೈಮ್ ಕೊಡ್ಲಿಲ್ಲ, ಇದು ನ್ಯಾಯ ಅಲ್ಲ ಅಂತ. ಲಾಟರೀನೇ ತಪ್ಪು ಅಂತ ಅವಳು ಹೇಳಲ್ಲ. ಬೆಳಗ್ಗೆ ನಗ್ತಾ ಬಂದು, ಹೆಸರು ಕೂಗಿದಾಗ ಹೋಗು ಬೇಗ ಅಂತ ಗಂಡನನ್ನ ಮುಂದೆ ಕಳಿಸಿದೋಳೂ ಅವಳೇ, ಹಿಂದಿನ ವರ್ಷಗಳಲ್ಲಿ ಅವಳೂ ಈ ಗುಂಪಲ್ಲೇ ನಿಂತಿರ್ತಾಳೆ ತಾನೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮದುವೆಯಾದ ಮಗಳು ಅಳಿಯ ಇದಾರಲ್ಲ, ಅವರನ್ನೂ ನಮ್ಮನೆ ಲೆಕ್ಕಕ್ಕೆ ಸೇರಿಸಿ ಅಂತಾಳೆ. ಮದುವೆಯಾದ ಹೆಣ್ಣು ಗಂಡನ ಮನೆ ಲೆಕ್ಕಕ್ಕೆ ಸೇರ್ತಾಳೆ, ಎಲ್ರಿಗೂ ಗೊತ್ತಿರೋದೇ ಅಂತ ಸಮ್ಮರ್ಸ್ ಮೆತ್ತಗೆ ಹೇಳ್ತಾರೆ. ಐದು ಜನದಲ್ಲಿ ಒಬ್ರು ಅನ್ನೋದು ಏಳು ಜನದಲ್ಲಿ ಒಬ್ರು ಆದ್ರೆ ತನಗೆ ಬರೋ ಸಾಧ್ಯತೆ ಸ್ವಲ್ಪ ಕಮ್ಮಿಯಾಗತ್ತೆ, ಅದಕ್ಕೋಸ್ಕರ ಒಬ್ಬ ತಾಯಿ ಹೆತ್ತ ಮಗಳನ್ನ ಸಾವಿನ ಚೀಟಿ ಎತ್ತೋಕೆ ಕರೀತಾಳೆ. ಇದನ್ನ ಓದಿ ಟೆಸ್ಸಿ ಕೆಟ್ಟೋಳು ಅಂತ ನನಗೆ ಅನ್ನಿಸ್ಲಿಲ್ಲ, ಬೇರೆ ಯಾವ ಬಾಗಿಲೂ ಇಲ್ಲದ ಊರಲ್ಲಿ ಹೆದರಿದ ಮನುಷ್ಯ ರೂಲಿನೊಳಗೇ ಬಾಗಿಲು ಹುಡುಕ್ತಾನೆ ಅನ್ನಿಸ್ತು.

ಎಲ್ರಿಗೂ ಒಂದೇ ಥರದ ಚಾನ್ಸ್ ಇತ್ತಲ್ಲ ಅಂತ ಪೋಸ್ಟ್‌ಮಾಸ್ಟರ್ ಹೆಂಡತಿ ಅಂತಾಳೆ. ಅದಾದ್ರೂ ನಿಜಾನಾ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿದ್ದೆ. ಊರಲ್ಲಿ 60 ಮನೆ ಅಂತ ಸುಮ್ಮನೆ ಇಟ್ಕೊಳ್ಳಿ, ಕಥೇಲಿ ಈ ಸಂಖ್ಯೆ ಇಲ್ಲ, ಲೆಕ್ಕಕ್ಕೆ ಅಷ್ಟೇ. ಪ್ರತಿ ಮನೆಗೆ 60ರಲ್ಲಿ 1. ಐದು ಜನದ ಮನೇಲಿರೋ ಒಬ್ಬರಿಗೆ 300ರಲ್ಲಿ 1, ಗಂಡ ಹೆಂಡತಿ ಇಬ್ರೇ ಇರೋ ಮನೇಲಿ 120ರಲ್ಲಿ 1, ಒಂಟಿಯಾಗಿರೋ ಮುದುಕಿಗೆ 60ರಲ್ಲಿ 1. ಸಮ ಅಲ್ವೇ ಅಲ್ಲ. ಮಕ್ಕಳಿಲ್ಲದ ಸಮ್ಮರ್ಸಿಗೇ ಟೆಸ್ಸಿಗಿಂತ ಅಪಾಯ ಜಾಸ್ತಿ, ಆದ್ರೂ ಅವರು ತಮ್ಮ ಹೆಸರನ್ನೂ ತಾವೇ ಕೂಗಿ ಚೀಟಿ ಎತ್ಕೋತಾರೆ. ಯಾರೋ ಒಬ್ಬ ದುಷ್ಟ ಕೂತು ಮೋಸ ಮಾಡ್ತಾ ಇದಾನೆ ಅಂತಿದ್ರೆ ನಮಗೆ ಎಷ್ಟೋ ನೆಮ್ಮದಿ ಇರ್ತಿತ್ತು. ಇಲ್ಲಿ ಮೋಸ ಇಲ್ಲ. ಎಲ್ರೂ ಪ್ರಾಮಾಣಿಕರು, ಅದಕ್ಕೇ ಯಾರಿಗೂ ತಪ್ಪು ಮಾಡ್ತಿದೀವಿ ಅನ್ನಿಸಲ್ಲ.

ಇನ್ನು ಆ ಕಪ್ಪು ಪೆಟ್ಟಿಗೆ. ಸಿಪ್ಪೆ ಎದ್ದು, ಬಣ್ಣ ಹೋಗಿ, ಒಂದು ಕಡೆ ಮರಾನೇ ಕಾಣ್ತಿರೋ ಪೆಟ್ಟಿಗೆ. ಹೊಸದು ಮಾಡೋಣ ಅಂತ ಸಮ್ಮರ್ಸ್ ಪ್ರತಿ ವರ್ಷ ಹೇಳ್ತಾರೆ, ಸಂಪ್ರದಾಯ ಅಲ್ವಾ ಅಂತ ಯಾರೂ ಒಪ್ಪಲ್ಲ. ಸರಿ, ಅಷ್ಟು ಪವಿತ್ರ ಅಂದ್ರೆ ಉಳಿದ ವರ್ಷ ಎಲ್ಲಿಡ್ತಾರೆ? ಒಂದು ವರ್ಷ ಯಾರದೋ ಕೊಟ್ಟಿಗೇಲಿ, ಇನ್ನೊಂದು ವರ್ಷ ಪೋಸ್ಟ್ ಆಫೀಸಲ್ಲಿ ಕಾಲ ಕೆಳಗೆ, ಮತ್ತೊಂದು ವರ್ಷ ದಿನಸಿ ಅಂಗಡಿ ಕಪಾಟಲ್ಲಿ. ಮೊದಲೆಲ್ಲ ಚೀಟಿ ಬದಲು ಮರದ ಚೂರು ಇದ್ವು, ಜನ ಜಾಸ್ತಿಯಾಗಿ ಪೆಟ್ಟಿಗೇಲಿ ಹಿಡಿಯಲ್ಲ ಅಂತ ಪೇಪರ್ ಮಾಡ್ಕೊಂಡ್ರು. ಲಾಟರಿ ನಡೆಸೋರು ರಾಗವಿಲ್ಲದೆ ಹೇಳ್ತಿದ್ದ ಏನೋ ಒಂದು ಮಂತ್ರದ ಥರದ್ದಿತ್ತು, ಅದು ಹೋಯ್ತು. ಚೀಟಿ ಎತ್ತೋಕೆ ಬಂದವರಿಗೆ ವಂದನೆ ಮಾಡೋ ಒಂದು ಕ್ರಮ ಇತ್ತು, ಅದೂ ಹೋಯ್ತು. ಮೊಟ್ಟಮೊದಲ ಪೆಟ್ಟಿಗೆ ಯಾವತ್ತೋ ಕಳೆದುಹೋಗಿದೆ. ಅಂದ್ರೆ ಯಾವುದನ್ನ ಬದಲಾಯಿಸೋಕೇ ಆಗಲ್ಲ ಅಂತಾರೋ ಅದನ್ನ ತಮಗೆ ಅನುಕೂಲ ಆದಾಗೆಲ್ಲ ಬದಲಾಯಿಸ್ತಾನೇ ಬಂದಿದಾರೆ. ಇಷ್ಟೆಲ್ಲ ಹೇಳ್ಕೊಂಡು ಬಂದು ಜಾಕ್ಸನ್ ಕೊನೇಲಿ ಒಂದು ವಾಕ್ಯ ಇಡ್ತಾರೆ, ಅದ್ರ ತಾತ್ಪರ್ಯ ಇಷ್ಟೇ: ವಿಧಿ ಮರೆತ್ರು, ಪೆಟ್ಟಿಗೆ ಕಳ್ಕೊಂಡ್ರು, ಕಲ್ಲು ಬಳಸೋದನ್ನ ಮಾತ್ರ ಮರೀಲಿಲ್ಲ.

ಈ ವಾಕ್ಯ ಓದಿದಾಗೆಲ್ಲ ನನಗೆ ನಮ್ಮ ಮನೆಯ ಒಂದು ಮದುವೆ ಕಣ್ಮುಂದೆ ಬರತ್ತೆ. ಐದು ದಿನದ ಮದುವೆ ಒಂದೂವರೆ ದಿನಕ್ಕೆ ಇಳಿದಿತ್ತು, ಮುಹೂರ್ತ ಕಲ್ಯಾಣ ಮಂಟಪ ಸಿಕ್ಕ ದಿನಕ್ಕೆ ಹೊಂದಿಸಿದ್ದು, ಊಟಕ್ಕೆ ಎಲೆ ಜೊತೆ ಬಫೆನೂ ಇತ್ತು, ಮೇಲೆ ಡ್ರೋನ್ ಹಾರ್ತಿತ್ತು, ತಾಳಿ ಕಟ್ಟೋದು ಫೋಟೋಲಿ ಸರಿಯಾಗಿ ಬರಲಿಲ್ಲ ಅಂತ ಕೈ ಹಾಗೇ ಹಿಡ್ಕೊಳ್ಳಿ ಅಂತ ಫೋಟೋಗ್ರಾಫರ್ ನಿಲ್ಲಿಸಿದ್ರು, ಪುರೋಹಿತರೂ ಸುಮ್ಮನೆ ಕಾದ್ರು. ಎಲ್ಲ ಬದಲಾಗಿತ್ತು. ಧಾರೆ ಹೊತ್ತಿಗೆ ದೊಡ್ಡಮ್ಮ ಎಲ್ಲಿ ಅಂತ ನೋಡಿದ್ರೆ ಅಡುಗೆಮನೆ ಪಕ್ಕದ ಕಂಬದ ಹಿಂದೆ ನಿಂತಿದ್ರು. ದೊಡ್ಡಪ್ಪ ಹೋಗಿ ಎರಡು ವರ್ಷ ಆಗಿತ್ತು. ಮದುಮಗಳಿಗೆ ಚಿಕ್ಕಂದಿನಿಂದ ಜಡೆ ಹಾಕಿ ಬೆಳೆಸಿದ್ದು ಅವರೇ. ಅವರನ್ನ ಯಾರೂ ಆಚೆ ಹೋಗಿ ಅಂದಿರ್ಲಿಲ್ಲ, ಅನ್ನೋ ಅಗತ್ಯಾನೇ ಬೀಳಲಿಲ್ಲ, ಅವರೇ ಹೋಗಿ ನಿಂತ್ಕೊಂಡಿದ್ರು, ಆರತಿಗೆ ಮುತ್ತೈದೆಯರು ಬನ್ನಿ ಅಂತ ಕರೆದಾಗ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದ್ರು. ನಾನು ಅಕ್ಷತೆ ಹಿಡ್ಕೊಂಡು ಹತ್ತು ಅಡಿ ದೂರದಲ್ಲಿದ್ದೆ. ನೋಡಿದೆ. ಹೋಗಿ ಕೈ ಹಿಡ್ದು ಕರ್ಕೊಂಡು ಬರಬಹುದಿತ್ತು, ಬರಲಿಲ್ಲ, ಎಲ್ರೂ ಏನಂದ್ಕೋತಾರೋ ಅನ್ನೋದೊಂದೇ ಆಗ ತಲೇಲಿದ್ದಿದ್ದು. ಕಲ್ಲು ಹೊಡೆದು ಕೊಲ್ಲೋದೂ ಇದೂ ಒಂದೇ ಅಂತ ನಾನು ಹೇಳ್ತಿಲ್ಲ. ಬದಲಾವಣೆ ಎಲ್ಲೆಲ್ಲಿಗೆ ತಲುಪಿತ್ತು, ಎಲ್ಲಿಗೆ ತಲುಪಿರಲಿಲ್ಲ ಅನ್ನೋದನ್ನ ಹೇಳ್ತಿದೀನಿ.

ಆ ದಿನ ನನ್ನ ಬಾಯಿ ಕಟ್ಟಿದ್ದು ಏನು ಅಂತ ಅರ್ಥ ಮಾಡ್ಕೊಳ್ಳೋಕೆ ಸಾಲೊಮನ್ ಆಶ್ ಅನ್ನೋ ಮನಃಶಾಸ್ತ್ರಜ್ಞರು 1950ರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ ಪ್ರಯೋಗ ನನಗೆ ಸಹಾಯ ಮಾಡ್ತು. ಮೂರು ಗೆರೆ ತೋರಿಸಿ, ಈ ಗೆರೆಯಷ್ಟೇ ಉದ್ದ ಇರೋದು ಯಾವುದು ಅಂತ ಕೇಳೋದು, ಕಣ್ಣಿದ್ದೋರಿಗೆ ಯಾರಿಗಾದ್ರೂ ಗೊತ್ತಾಗತ್ತೆ. ಆದ್ರೆ ಕೋಣೇಲಿ ಒಬ್ಬರನ್ನ ಬಿಟ್ಟು ಉಳಿದೋರೆಲ್ಲ ಆಶ್ ಕಡೆಯೋರೇ, ಬೇಕಂತಲೇ ತಪ್ಪು ಉತ್ತರ ಹೇಳ್ತಾರೆ. ಆಗ ಆ ಒಬ್ಬರೂ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಸಲ ಗುಂಪಿನ ತಪ್ಪನ್ನೇ ಹೇಳಿದ್ರು. ಇಷ್ಟು ಎಲ್ರಿಗೂ ಗೊತ್ತಿರೋ ಭಾಗ. ಇದಕ್ಕಿಂತ ಮುಖ್ಯವಾದ್ದು ಆಮೇಲಿಂದು: ಗುಂಪಲ್ಲಿ ಇನ್ನೊಬ್ಬ, ಒಬ್ಬನೇ ಒಬ್ಬ, ಸರಿ ಉತ್ತರ ಹೇಳಿದ್ರೆ ಸಾಕು, ಹಾಗೆ ಗುಂಪಿಗೆ ಮಣಿಯೋದು ತುಂಬಾನೇ ಇಳಿದುಹೋಗತ್ತೆ.

ಈ ಕಣ್ಣಲ್ಲಿ ಲಾಟರಿ ನೋಡಿ. ಅಲ್ಲಿ ಕೊಲೆಗಾರ ಅಂತ ಒಬ್ಬ ಇಲ್ಲ, ಕೆಲಸ ಎಲ್ರಿಗೂ ಹಂಚಿದೆ. ಚೀಟಿ ಬರೆಯೋರು ಇಬ್ರು, ಪೆಟ್ಟಿಗೆ ಹಿಡಿಯೋರು ಅಪ್ಪ ಮಗ, ಕಲ್ಲು ಗುಡ್ಡೆ ಹಾಕೋರು ಮಕ್ಕಳು. ಟೆಸ್ಸಿ ಕೈಯಿಂದ ಚೀಟಿ ಬಲವಂತವಾಗಿ ಕಿತ್ತು ಎತ್ತಿ ತೋರಿಸೋನು ಗಂಡ ಬಿಲ್. ಬೆಳಗ್ಗೆ ಅವಳ ಜೊತೆ ನಗ್ತಾ ಮಾತಾಡಿದ ಮಿಸೆಸ್ ಡೆಲಕ್ರಾ ಎರಡೂ ಕೈ ಹಾಕಿ ಎತ್ತಬೇಕಾದಷ್ಟು ದೊಡ್ಡ ಕಲ್ಲು ಆರಿಸ್ಕೋತಾಳೆ. ಟೆಸ್ಸಿ ಮಗಳು ನ್ಯಾನ್ಸಿಗೂ ಅವಳಣ್ಣನಿಗೂ ಖಾಲಿ ಚೀಟಿ ಬಂದಾಗ ಇಬ್ರೂ ಮುಖ ಅರಳಿಸಿ ನಗ್ತಾರೆ, ತಾವು ಉಳಿದ್ವಿ ಅಂದ್ರೆ ಅಪ್ಪ ಇಲ್ಲ ಅಮ್ಮ ಅಂತ ಅರ್ಥ ಅನ್ನೋದು ಆ ಕ್ಷಣಕ್ಕೆ ಅವರಿಗೆ ಹೊಳೆಯೋದೇ ಇಲ್ಲ. ಅವರ ಪುಟ್ಟ ತಮ್ಮ ಡೇವ್ ಕೈಗೂ ಯಾರೋ ಒಂದಷ್ಟು ಸಣ್ಣ ಕಲ್ಲು ಕೊಡ್ತಾರೆ. ಎಲ್ರೂ ಮಾಡಿದ್ಮೇಲೆ ನಾಳೆ ಯಾರು ಯಾರನ್ನ ಕೇಳೋದು, ಕೇಳೋಕೆ ಹೊರಟೋನು ತಾನು ಎಸೆದ ಕಲ್ಲಿನ ಬಗ್ಗೇನೂ ಉತ್ತರ ಹೇಳಬೇಕಾಗತ್ತೆ, ಆ ಊರಲ್ಲಿ ಸುಮ್ಮನಿರೋದು ಸುಲಭ ಆಗೋದು ಇದ್ರಿಂದಲೇ.

ಹಾಗಾದ್ರೆ ಆ 300 ಜನದಲ್ಲಿ ಅನುಮಾನ ಇದ್ದೋರು ಯಾರೂ ಇರ್ಲಿಲ್ವಾ? ಇದ್ರು. ಗುಂಪಲ್ಲಿ ಸ್ಟೀವ್ ಆಡಮ್ಸ್ ಅನ್ನೋರಿದಾರೆ, ಅಕ್ಷರಮಾಲೆ ಪ್ರಕಾರ ಮೊದಲು ಚೀಟಿ ಎತ್ತೋರು ಅವರೇ. ಚೀಟಿ ಎತ್ತಿ ಬಂದು ಪಕ್ಕದಲ್ಲಿದ್ದ ಮುದುಕ ವಾರ್ನರ್ ಹತ್ರ, ಉತ್ತರದ ಹಳ್ಳೀಲಿ ಲಾಟರಿ ಬಿಡೋ ಮಾತು ನಡೀತಿದೆಯಂತೆ ಅಂತಾರೆ. ಹುಚ್ಚರ ಗುಂಪು ಅದು, ಇವರ ಮಾತು ಕೇಳಿದ್ರೆ ನಾಳೆ ಗುಹೇಲಿ ಹೋಗಿ ಇರೋಣ ಅಂತಾರೆ ಅಂತ ವಾರ್ನರ್ ಸಿಡುಕ್ತಾರೆ. ಆಗ ಆಡಮ್ಸ್ ಹೆಂಡತಿ, ಕೆಲವು ಕಡೆ ಈಗಾಗಲೇ ಬಿಟ್ಟಾಗಿದೆ ಅಂತ ಒಂದು ಮಾತು ಸೇರಿಸ್ತಾಳೆ. ವಾರ್ನರ್ ಅದಕ್ಕೂ ಗದರಿಸ್ತಾರೆ, ಮಾತು ಅಲ್ಲಿಗೇ ನಿಲ್ಲತ್ತೆ. ಅಂದ್ರೆ ಬೇರೆ ದಾರಿ ಇದೆ ಅನ್ನೋದು ಆ ಗಂಡ ಹೆಂಡತಿಗೆ ಗೊತ್ತಿತ್ತು, ಲಾಟರಿ ಬಿಟ್ಟ ಊರುಗಳೂ ನಡ್ಕೊಂಡು ಹೋಗ್ತಿವೆ ಅನ್ನೋದೂ ಗೊತ್ತಿತ್ತು, ಕಿವಿಗೆ ಬಿದ್ದ ಸುದ್ದಿ ಅನ್ನೋ ಹಾಗೆ ಮೆತ್ತಗೆ ಹೇಳಿಯೂ ನೋಡಿದ್ರು. ಕಥೆಯ ಕೊನೇ ಸಾಲುಗಳಲ್ಲಿ ಬಯಲ ಮಧ್ಯೆ ಖಾಲಿ ಜಾಗದಲ್ಲಿ ಟೆಸ್ಸಿ ಒಬ್ಬಳೇ ಕೈ ಚಾಚಿ ನಿಂತಿದಾಳೆ, ಒಂದು ಕಲ್ಲು ಆಗಲೇ ತಲೆಗೆ ತಾಗಿದೆ, ಬನ್ನಿ ಬನ್ನಿ ಎಲ್ರೂ ಅಂತ ಮುದುಕ ವಾರ್ನರ್ ಕರೀತಾ ಇದಾರೆ, ಗುಂಪು ಅವಳ ಕಡೆ ಬರ್ತಾ ಇದೆ, ಆ ಗುಂಪಿನ ಮುಂದಿನ ಸಾಲಲ್ಲಿ ಇರೋದು ಸ್ಟೀವ್ ಆಡಮ್ಸ್.